ಕಾದ ಗಾಳಿಯ ಒಲೆ: ಕಡಿಮೆ ಸೌದೆ, ಕಡಿಮೆ ಹೊಗೆಯ ಅಡುಗೆಯ ವಿಚಾರ

(ಮೇಟಗಳ್ಳಿಯಲ್ಲಿ ಗ್ರಾಮ ಪಂಚಾಯಿತಿ ಸದಸ್ಯರ ಮುಂದೆ ನೀಡಿದ ಉಪನ್ಯಾಸದ ಪಠ್ಯ)



ನಾವು ಸೇರಿರುವ ಈ ಮೇಟಗಳ್ಳಿ ಇಂದು ಮೈಸೂರು ನಗರದ ಭಾಗ. ಸುತ್ತಲೂ ಕಾರ್ಖಾನೆಗಳು, ಲೇತ್ ಶೆಡ್ಡುಗಳು, ತಗಡು ಕತ್ತರಿಸುವ ಅಂಗಡಿಗಳು. ಆದರೂ ಹೆಸರಿನ ಕೊನೆಯಲ್ಲಿ ಹಳ್ಳಿ ಉಳಿದುಕೊಂಡಿದೆ. ಹೆಸರಿನಲ್ಲಿ ಮಾತ್ರವಲ್ಲ, ಹಿತ್ತಿಲಿನಲ್ಲಿಯೂ ಉಳಿದಿದೆ. ಬೆಳಗಿನ ಜಾವ ಇಲ್ಲಿನ ಹಳೆಯ ಬೀದಿಗಳಲ್ಲಿ ನಡೆದರೆ ಸ್ನಾನದ ನೀರು ಕಾಯಿಸುವ ಒಲೆಯ ಹೊಗೆ ಇಂದಿಗೂ ಮೂಗಿಗೆ ಬಡಿಯುತ್ತದೆ. ಅಡುಗೆಮನೆಯಲ್ಲಿ ಗ್ಯಾಸ್ ಸಿಲಿಂಡರ್ ಇದೆ, ಹಿತ್ತಿಲಿನಲ್ಲಿ ಸೌದೆ ಒಲೆಯೂ ಇದೆ. ನಿಮ್ಮ ಊರುಗಳ ಸ್ಥಿತಿಯೂ ಇದಕ್ಕಿಂತ ಬಹಳ ಬೇರೆಯಲ್ಲವೆಂದು ಭಾವಿಸುತ್ತೇನೆ.

ನಾನು ವಿಜ್ಞಾನಿಯಲ್ಲ. ತಗಡಿನ ಕೆಲಸ ಮಾಡುತ್ತಾ ಬಂದವನು. ಎತ್ತಿ ಒಯ್ಯಬಹುದಾದ, ಕಡಿಮೆ ಸೌದೆ ಬೇಡುವ ಒಂದು ಒಲೆಯನ್ನು ಮಾಡಲು ಹೊರಟು ಹಲವು ಬಾರಿ ಸೋತು, ಸೋಲಿನಿಂದ ಕಲಿತದ್ದನ್ನು ತಮ್ಮ ಮುಂದಿಡಲು ಬಂದಿದ್ದೇನೆ. ಕಾರಣವಿಷ್ಟೆ: ನಾಳೆ ತಮ್ಮ ಪಂಚಾಯಿತಿಗೆ ಯಾರಾದರೂ ಬಂದು "ಇದು ಸುಧಾರಿತ ಒಲೆ, ನೂರು ಕೊಳ್ಳಿ" ಎಂದಾಗ, ಕೊಳ್ಳಬೇಕೋ ಬೇಡವೋ ಎಂದು ನಿರ್ಧರಿಸುವವರು ತಾವೇ. ಸಂವಿಧಾನದ 73ನೆಯ ತಿದ್ದುಪಡಿಯಿಂದ ಬಂದ ಹನ್ನೊಂದನೆಯ ಅನುಸೂಚಿಯ 29 ವಿಷಯಗಳಲ್ಲಿ ಉರುವಲು ಮತ್ತು ಮೇವು ಒಂದು. ಅಸಾಂಪ್ರದಾಯಿಕ ಇಂಧನ ಮೂಲಗಳು ಮತ್ತೊಂದು. ಆದ್ದರಿಂದ ಒಲೆಯ ವಿಚಾರ ಪಂಚಾಯಿತಿಯ ಹೊರಗಿನದಲ್ಲ.

ಸೌದೆಯ ಶಾಖ ಎಲ್ಲಿ ಹೋಗುತ್ತದೆ?

ಮೊದಲು ಒಂದು ಲೆಕ್ಕ. 5 ಲೀಟರ್ ನೀರನ್ನು ಕುದಿಸಲು ಎಷ್ಟು ಶಾಖ ಬೇಕು? ಮೈಸೂರು ಸಮುದ್ರಮಟ್ಟಕ್ಕಿಂತ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿಯುತ್ತದೆ. 25 ಡಿಗ್ರಿಯ ನೀರನ್ನು ಅಲ್ಲಿಗೆ ಏರಿಸಲು ಸುಮಾರು 1,500 ಕಿಲೋಜೂಲ್ ಶಾಖ ಸಾಕು. ಗಾಳಿಗೆ ಒಣಗಿದ ಒಂದು ಕಿಲೋ ಸೌದೆಯಲ್ಲಿ ಸುಮಾರು 16,000 ಕಿಲೋಜೂಲ್ ಅಡಗಿದೆ. ಅಂದರೆ ಶಾಖವೆಲ್ಲವೂ ಪಾತ್ರೆಗೆ ಸೇರುವುದಾದರೆ 100 ಗ್ರಾಂ ಸೌದೆಯಲ್ಲಿ ನೀರು ಕುದಿಯಬೇಕು. ಅಂಗೈಯಲ್ಲಿ ಹಿಡಿಯುವಷ್ಟು ಚಕ್ಕೆ!

ಮೂರು ಕಲ್ಲಿನ ಒಲೆಯಲ್ಲಿ ಹಾಗಾಗುವುದಿಲ್ಲ. ನೂರಕ್ಕೆ ಹತ್ತರ ಆಸುಪಾಸು ಮಾತ್ರ ಪಾತ್ರೆಗೆ ಸೇರುತ್ತದೆ. ಉಳಿದ ತೊಂಬತ್ತು ಪಾಲಿನಲ್ಲಿ ಒಂದಷ್ಟು ಗಾಳಿಗೆ ಚದುರುತ್ತದೆ, ಒಂದಷ್ಟು ಕಲ್ಲು ಮತ್ತು ನೆಲ ಕುಡಿಯುತ್ತವೆ, ಒಂದಷ್ಟು ಉರಿಯದ ಹೊಗೆಯಾಗಿ ಮೇಲೇರುತ್ತದೆ. ಆದ್ದರಿಂದಲೇ ಅದೇ 5 ಲೀಟರ್ ನೀರಿಗೆ ಸುಮಾರು 940 ಗ್ರಾಂ ಸೌದೆ ಬೇಕಾಗುತ್ತದೆ. ನೂರಕ್ಕೆ 25 ಪಾಲು ಪಾತ್ರೆಗೆ ಸೇರಿಸುವ ಒಲೆಯಿದ್ದರೆ 375 ಗ್ರಾಂ ಸಾಕು.

ದಿನಕ್ಕೆ 5 ಕಿಲೋ ಸೌದೆ ಸುಡುವ ಒಂದು ಮನೆಯನ್ನು ಊಹಿಸಿಕೊಳ್ಳೋಣ. ವರ್ಷಕ್ಕೆ 1,825 ಕಿಲೋ. ನಿತ್ಯ ಬಳಕೆಯಲ್ಲಿ ಮೂರನೆಯ ಒಂದು ಭಾಗವಷ್ಟೇ ಉಳಿಯಿತೆಂದರೂ 600 ಕಿಲೋ. 20 ಕಿಲೋದ ತಲೆಹೊರೆಯ ಲೆಕ್ಕದಲ್ಲಿ 30 ಹೊರೆ. ಕಾಡಂಚಿನ ಊರುಗಳಲ್ಲಿ ಆ ಮೂವತ್ತು ಹೊರೆಗಳನ್ನು ತರುವವರು ಯಾರು, ಆನೆಯ ಭಯದಲ್ಲಿ ಹೋಗುವವರು ಯಾರು ಎಂಬುದು ಇಲ್ಲಿರುವ ತಾಯಂದಿರಿಗೆ ಹೇಳಬೇಕಾಗಿಲ್ಲ.

ನಮ್ಮ ನಾಡಿನಲ್ಲಿ ಈಗಾಗಲೇ ನಡೆದ ಕೆಲಸ

ಈ ಪ್ರಶ್ನೆಯನ್ನು ಗಂಭೀರವಾಗಿ ಕೈಗೆತ್ತಿಕೊಂಡವರು ನಮ್ಮ ರಾಜ್ಯದವರೇ ಎಂಬುದನ್ನು ಹೆಮ್ಮೆಯಿಂದ ನೆನೆಯಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರಾಧ್ಯಾಪಕ ಅಮೂಲ್ಯ ಕೆ. ಎನ್. ರೆಡ್ಡಿಯವರ ನೇತೃತ್ವದಲ್ಲಿ 'ಅಸ್ತ್ರ' ಎಂಬ ಘಟಕ ಆರಂಭವಾಯಿತು. ವಿಜ್ಞಾನ ಮತ್ತು ತಂತ್ರಜ್ಞಾನವನ್ನು ಗ್ರಾಮಗಳಿಗೆ ಅನ್ವಯಿಸುವುದೇ ಅದರ ಗುರಿ. ತುಮಕೂರು ಜಿಲ್ಲೆಯ ಕುಣಿಗಲ್ ತಾಲೂಕಿನ ಉಂಗ್ರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಅವರು ಮನೆಮನೆಯ ಇಂಧನ ಬಳಕೆಯನ್ನು ಅಳೆದರು. ಅಲ್ಲಿಂದ ಹುಟ್ಟಿದ್ದು 'ಅಸ್ತ್ರ ಒಲೆ'. ಮಣ್ಣು ಮತ್ತು ಇಟ್ಟಿಗೆಯಲ್ಲಿ ಕಟ್ಟುವ, ಮೂರು ಪಾತ್ರೆ ಇಡಬಹುದಾದ, ಹೊಗೆಕೊಳವೆಯುಳ್ಳ ಒಲೆ. ಸೌದೆಯ ಗೂಡಿಗೆ ಜಾಲರಿ, ಗಾಳಿಗೆ ಅಳತೆಯ ದಾರಿ. ರಾಜ್ಯದ ಸಾವಿರಾರು ಮನೆಗಳಲ್ಲಿ ಅದು ಉರಿದಿದೆ. ತಮ್ಮಲ್ಲಿ ಕೆಲವರ ತವರಿನಲ್ಲಿಯೂ ಇದ್ದಿರಬಹುದು.

ಆದರೆ ಅದು ಕಟ್ಟಿದ ಒಲೆ. ಮನೆ ಬದಲಿಸುವ ಬಾಡಿಗೆದಾರರಿಗೆ, ಕಬ್ಬು ಕಡಿಯಲು ಬರುವವರಿಗೆ, ಕಟ್ಟಡ ಕೆಲಸದ ಶೆಡ್ಡಿನಲ್ಲಿರುವವರಿಗೆ ಅದು ಒದಗುವುದಿಲ್ಲ. ಅದೇ ಸಂಸ್ಥೆಯ ಎಚ್. ಎಸ್. ಮುಕುಂದ, ಯು. ಶ್ರೀನಿವಾಸ ಮತ್ತು ಎಸ್. ದಾಸಪ್ಪ ಅವರು ಎತ್ತಿ ಒಯ್ಯಬಹುದಾದ, ಒಂದೇ ಪಾತ್ರೆಯ ಸೌದೆ ಒಲೆಗಳನ್ನು ಶಾಸ್ತ್ರೀಯವಾಗಿ ಅಭ್ಯಸಿಸಿ 1988ರಲ್ಲಿ ಪ್ರಕಟಿಸಿದರು. ಗೂಡಿನ ಆಕಾರ, ಗಾಳಿಯ ಪ್ರಮಾಣ, ಪಾತ್ರೆಗೂ ಒಲೆಗೂ ನಡುವಿನ ಅಂತರ ಇವುಗಳಿಂದಲೇ ಒಲೆಯ ಗುಣ ನಿರ್ಧಾರವಾಗುತ್ತದೆಂದು ಆ ಬಗೆಯ ಅಧ್ಯಯನಗಳಿಂದ ತಿಳಿಯುತ್ತದೆ. ನನ್ನಂಥ ತಗಡಿನ ಕೆಲಸದವನಿಗೂ ದಾರಿ ತೋರಿದ್ದು ಇಂಥ ಕೆಲಸವೇ.

ಗಾಳಿಯನ್ನು ಮೊದಲೇ ಕಾಯಿಸುವುದೇಕೆ?

ಸೌದೆ ಉರಿಯುತ್ತದೆ ಎಂದು ನಾವು ಹೇಳುತ್ತೇವೆ. ನಿಜವಾಗಿ ಜ್ವಾಲೆಯಾಗುವುದು ಸೌದೆಯಿಂದ ಹೊರಡುವ ಅನಿಲ. ಸೌದೆ ಕಾದಾಗ ಅದರ ತೂಕದ ಮುಕ್ಕಾಲು ಭಾಗಕ್ಕೂ ಮಿಕ್ಕಿ ಅನಿಲವಾಗಿ ಹೊರಬರುತ್ತದೆ, ಉಳಿದದ್ದು ಕೆಂಡ. ಆ ಅನಿಲಕ್ಕೆ ಸಾಕಷ್ಟು ಶಾಖವೂ ಗಾಳಿಯೂ ಒಟ್ಟಿಗೆ ಸಿಕ್ಕಿದರೆ ಜ್ವಾಲೆ. ಎರಡರಲ್ಲಿ ಒಂದು ಕಡಿಮೆಯಾದರೆ ಹೊಗೆ. ಹೊಗೆಯೆಂದರೆ ಉರಿಯದೆ ಉಳಿದ ಸೌದೆಯೇ. ನಾವು ಹೊತ್ತು ತಂದದ್ದೇ ನಮ್ಮ ಕಣ್ಣು ಉರಿಸುತ್ತಿದೆ.

ಒಂದು ಕಿಲೋ ಸೌದೆ ಪೂರ್ತಿ ಉರಿಯಲು ಸುಮಾರು 6 ಕಿಲೋ ಗಾಳಿ ಬೇಕು. ಬಳಕೆಯಲ್ಲಿ 10 ಕಿಲೋವರೆಗೂ ಅದಕ್ಕಿಂತ ಹೆಚ್ಚೂ ಒಳಹೋಗುತ್ತದೆ. ಅಷ್ಟು ತಣ್ಣನೆಯ ಗಾಳಿಯನ್ನು ಕಾಯಿಸುವ ಹೊರೆಯೂ ಬೆಂಕಿಯ ಮೇಲೆಯೇ ಬೀಳುತ್ತದೆ. ಇತ್ತ ಒಲೆಯ ತಗಡು ಕೆಂಪಾಗಿ ಕಾದು ಶಾಖವನ್ನು ಹೊರಗೆ ಚೆಲ್ಲುತ್ತಿರುತ್ತದೆ. ಹಾಗಾದರೆ ಒಂದರ ಹೊರಗೆ ಇನ್ನೊಂದರಂತೆ ಎರಡು ತಗಡಿನ ಗೋಡೆ ಮಾಡಿ, ಬೆಂಕಿಗೆ ಹೋಗುವ ಗಾಳಿಯನ್ನು ಆ ಎರಡರ ನಡುವಿನ ಸಂದಿಯಲ್ಲಿ ಹಾಯಿಸಿದರೆ? ಹೊರಗೆ ಚೆಲ್ಲಿಹೋಗುತ್ತಿದ್ದ ಶಾಖ ಗಾಳಿಯೊಡನೆ ಒಳಕ್ಕೇ ಮರಳುತ್ತದೆ. ಹೊರಗಿನ ಗೋಡೆ ಅಷ್ಟಾಗಿ ಸುಡುವುದಿಲ್ಲ, ಮಗುವಿನ ಕೈ ತಗುಲಿದರೂ ಅಪಾಯ ಕಡಿಮೆ. ದೊಡ್ಡ ಕಾರ್ಖಾನೆಗಳ ಬಾಯ್ಲರುಗಳಲ್ಲಿ ಹೊಗೆಯ ಶಾಖದಿಂದ ಗಾಳಿ ಕಾಯಿಸುವ ಏರ್ಪಾಟು ಬಹಳ ಕಾಲದಿಂದ ಇದೆ. ಅದನ್ನೇ ಒಂದು ಬಕೆಟ್ಟಿನ ಗಾತ್ರಕ್ಕೆ ಇಳಿಸುವ ಪ್ರಯತ್ನವಿದು.

ಲಾಭವೆಷ್ಟು? ಉತ್ಪ್ರೇಕ್ಷೆ ಬೇಡ. 10 ಕಿಲೋ ಗಾಳಿ 100 ಡಿಗ್ರಿಯಷ್ಟು ಬಿಸಿಯಾದರೆ ಸುಮಾರು 1,000 ಕಿಲೋಜೂಲ್ ಮರಳಿ ಬಂದಂತೆ. 16,000ದಲ್ಲಿ 1,000, ಹಳೆಯ ನಾಣ್ಯದ ಲೆಕ್ಕದಲ್ಲಿ ರೂಪಾಯಿಗೆ ಒಂದಾಣೆ. ಅಷ್ಟೇ ಆಗಿದ್ದರೆ ಎರಡನೆಯ ಗೋಡೆಯ ತಗಡಿನ ಖರ್ಚನ್ನು ಸಮರ್ಥಿಸುವುದು ಕಷ್ಟ. ದೊಡ್ಡ ಲಾಭ ಬೇರೆಯಿದೆ. ಸೌದೆಯ ಅನಿಲ ಗೂಡಿನ ಮೇಲ್ಭಾಗಕ್ಕೆ ಬರುವ ಹೊತ್ತಿಗೆ ಅದಕ್ಕೆ ಮತ್ತೊಮ್ಮೆ ಗಾಳಿ ಬೇಕು. ಅಲ್ಲಿ ತಣ್ಣನೆಯ ಗಾಳಿ ನುಗ್ಗಿದರೆ ಜ್ವಾಲೆ ಆರಿ ಹೊಗೆಯಾಗುತ್ತದೆ. ಕಾದ ಗಾಳಿ ಸಣ್ಣ ರಂಧ್ರಗಳಿಂದ ಬಂದರೆ ಹೊಗೆಯೇ ಹೊತ್ತಿಕೊಳ್ಳುತ್ತದೆ. ಒಂದಾಣೆ ಸೌದೆಯ ಉಳಿತಾಯ. ಉಳಿದ ಲಾಭ ಅಡುಗೆ ಮಾಡುವವಳ ಉಸಿರಿನದು.

ನಾನು ಸೋತ ಬಗೆ

ಮೊದಲ ಒಲೆಯಲ್ಲಿ ನಾನು ಅತಿಬುದ್ಧಿ ತೋರಿಸಿದೆ. ಗಾಳಿ ಹೆಚ್ಚು ಹೊತ್ತು ಕಾಯಲೆಂದು ಹೊರಗೋಡೆಯ ಮೇಲ್ತುದಿಯಲ್ಲಿ ರಂಧ್ರವಿಟ್ಟು, ಸಂದಿಯಲ್ಲಿ ಕೆಳಕ್ಕೆ ಇಳಿಸಿ, ಜಾಲರಿಯ ಅಡಿಗೆ ತಂದೆ. ಕಾಗದದ ಮೇಲೆ ಸೊಗಸಾಗಿತ್ತು. ಹೊತ್ತಿಸಿದೊಡನೆ ಶೆಡ್ಡೆಲ್ಲ ಹೊಗೆ. ಕಾದ ಗಾಳಿಯ ಸ್ವಭಾವ ಮೇಲೇರುವುದು. ಅದನ್ನು ಕೆಳಕ್ಕೆ ಎಳೆಯಲು ಎತ್ತರದ ಹೊಗೆಕೊಳವೆ ಬೇಕು, ಇಲ್ಲವೇ ಫ್ಯಾನ್ ಬೇಕು. ಗೇಣೆರಡು ಗೇಣು ಎತ್ತರದ ಒಲೆಗೆ ಆ ಸೆಳೆತವಿರುವುದಿಲ್ಲ. ಬೆಂಕಿ ಉಸಿರುಗಟ್ಟಿತು.

ಎರಡನೆಯದರಲ್ಲಿ ದಾರಿಯನ್ನು ತಿರುಗಿಸಿದೆ. ಹೊರಗೋಡೆಯ ಬುಡದಲ್ಲಿ ಗಾಳಿ ಒಳಬಂದು, ಸಂದಿಯಲ್ಲಿ ತಾನಾಗಿ ಮೇಲೇರಿ, ಒಳಗೋಡೆಯ ಮೇಲ್ಭಾಗದ ರಂಧ್ರಗಳಿಂದ ಜ್ವಾಲೆಯನ್ನು ಸೇರಬೇಕು. ಜಾಲರಿಯ ಅಡಿಗೆ ಹೋಗುವ ಗಾಳಿಗೆ ಬೇರೆಯದೇ ಪುಟ್ಟ ಬಾಗಿಲು, ಸರಿಸಿ ಹೆಚ್ಚು ಕಡಿಮೆ ಮಾಡುವಂತೆ. ದಾರಿ ಸರಿಯಿತ್ತು, ರಂಧ್ರಗಳನ್ನು ದೊಡ್ಡದು ಮಾಡಿದ್ದೆ. ಗಾಳಿ ಅತಿಯಾಗಿ ಬಂದು ಜ್ವಾಲೆ ತಣ್ಣಗಾಯಿತು. ರಂಧ್ರಗಳನ್ನು 5-6 ಮಿಲಿಮೀಟರಿಗೆ ಇಳಿಸಿ, ಸುತ್ತಲೂ ಸಮನಾಗಿ ಹಂಚಿದ ಮೇಲೆ ಆ ರಂಧ್ರಗಳ ಬಾಯಲ್ಲಿಯೇ ಪುಟ್ಟ ಪುಟ್ಟ ಜ್ವಾಲೆಗಳು ನಿಂತವು. ಆ ದಿನ ಶೆಡ್ಡಿನಲ್ಲಿದ್ದವರೆಲ್ಲ ಕೆಲಸ ಬಿಟ್ಟು ನೋಡಲು ಬಂದರು.

ಮೂರನೆಯ ಸೋಲು ತಗಡಿನದು. ಅಗ್ಗವೆಂದು ತೆಳುವಾದ ಕಬ್ಬಿಣದ ತಗಡು ಹಾಕಿದ್ದೆ. ಕೆಲವೇ ತಿಂಗಳಲ್ಲಿ ಒಳಗೋಡೆ ಪದರಪದರವಾಗಿ ಉದುರಿತು. ಕಾದ ಗಾಳಿಯ ಒಲೆಯಲ್ಲಿ ಒಳಗಿನ ಶಾಖ ಹೆಚ್ಚು. ಆದ್ದರಿಂದ ಒಳಗೋಡೆ ಮತ್ತು ಜಾಲರಿ ಬೇಗ ಸವೆಯುತ್ತವೆ. ಒಳಕ್ಕೆ ಸ್ಟೀಲು ಹಾಕಬೇಕು, ಇಲ್ಲವೇ ಸುಟ್ಟ ಜೇಡಿಮಣ್ಣಿನ ತೆಳುವಾದ ಒಳಕವಚ ಕೊಡಬೇಕು. ಜೇಡಿಮಣ್ಣಿಗೆ ಭತ್ತದ ಹೊಟ್ಟಿನ ಬೂದಿ ಬೆರೆಸಿದರೆ ಹಗುರವೂ ಆಗುತ್ತದೆ, ಶಾಖವನ್ನೂ ತಡೆಯುತ್ತದೆ. ಅಕ್ಕಿ ಗಿರಣಿಗಳಿರುವ ನಮ್ಮ ಕಡೆ ಬೂದಿಗೆ ಕೊರತೆಯಿಲ್ಲ. ದಪ್ಪ ಇಟ್ಟಿಗೆಯ ಕವಚ ಮಾತ್ರ ಬೇಡ; ಅದು ಕಾಯುವ ಹೊತ್ತಿಗೆ ಅನ್ನವೇ ಬೆಂದಿರಬೇಕು.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡ ಪಾಠ. ನೀರು ಕುದಿಸುವ ಪರೀಕ್ಷೆಯಲ್ಲಿ ಗೆದ್ದ ಒಲೆಯನ್ನು ಒಬ್ಬ ಹಿರಿಯ ತಾಯಿಯ ಮನೆಗೆ ಕೊಟ್ಟು, ವಾರ ಬಿಟ್ಟು ಹೋದೆ. ಒಲೆ ಮೂಲೆಯಲ್ಲಿತ್ತು, ಮೇಲೆ ಈರುಳ್ಳಿ ಬುಟ್ಟಿ. "ಯಾಕವ್ವ, ಉರಿಯಲ್ಲವಾ?" ಎಂದೆ. "ಉರೀತದೆ ಕಣಪ್ಪ, ಚೆನ್ನಾಗೇ ಉರೀತದೆ. ಮುದ್ದೆ ತಿರುವೋಕೆ ಹೋದ್ರೆ ಒಲೆ ನನ್ ಜೊತೇಲೇ ತಿರುಗ್ತದೆ. ನಾನು ಮುದ್ದೆ ಮಾಡ್ಲಾ, ಒಲೆ ಹಿಡ್ಕೊಳ್ಲಾ?" ಎಂದರು.

ಮಾನ್ಯರೇ, ಪ್ರಯೋಗಾಲಯದ ಒಲೆಗೆ ನೀರು ಕುದಿಸಿದರೆ ಸಾಕು. ನಮ್ಮ ಸೀಮೆಯ ಒಲೆ ಮುದ್ದೆಕೋಲಿನ ಬಲವನ್ನು ತಡೆಯಬೇಕು. ಎಸರು ಕುದಿಯುವಾಗ ದೊಡ್ಡ ಉರಿ, ಹಿಟ್ಟು ಬೇಯುವಾಗ ಸಣ್ಣ ಉರಿ, ತಿರುವುವಾಗ ಅಲುಗದ ಪಾತ್ರೆ, ಈ ಮೂರೂ ಬೇಕು. ಆಮೇಲೆ ಬುಡವನ್ನು ಅಗಲಿಸಿದೆ, ಮೂರು ಕಾಲುಗಳನ್ನು ಹೊರಚಾಚಿದೆ, ಪಾತ್ರೆಯನ್ನು ಸುತ್ತಲೂ ಅಪ್ಪಿ ಹಿಡಿಯುವ ಗುಬಟುಗಳನ್ನು ಕೊಟ್ಟೆ, ಒಲೆಯ ಎತ್ತರ ತಗ್ಗಿಸಿದೆ. ದಕ್ಷತೆ ಕೂದಲೆಳೆಯಷ್ಟು ಇಳಿದಿರಬಹುದು. ಈರುಳ್ಳಿ ಬುಟ್ಟಿ ಮಾತ್ರ ಒಲೆಯಿಂದ ಇಳಿಯಿತು.

ಕೊಂಡ ಮೇಲೆ ಮೂಲೆ ಸೇರದಿರಲು

ರಾಷ್ಟ್ರೀಯ ಸುಧಾರಿತ ಒಲೆ ಕಾರ್ಯಕ್ರಮ 1980ರ ದಶಕದ ಮಧ್ಯದಲ್ಲಿ ಆರಂಭವಾಗಿ 2002ರವರೆಗೆ ನಡೆಯಿತು. ದೇಶದಲ್ಲಿ 3 ಕೋಟಿಗೂ ಹೆಚ್ಚು ಒಲೆಗಳು ಹಂಚಿಕೆಯಾದವು. ಎಷ್ಟು ಹಂಚಿದೆವು ಎಂಬುದರ ಲೆಕ್ಕವಿತ್ತು. ಎಷ್ಟು ಉರಿಯುತ್ತಿವೆ ಎಂಬುದರ ಕಡೆಗೆ ಅಷ್ಟು ಗಮನವಿರಲಿಲ್ಲ. ಮುಂದೆ ಒಡಿಶಾದ ಹಳ್ಳಿಗಳಲ್ಲಿ ಸಂಶೋಧಕರು ಹಲವು ವರ್ಷ ಬೆನ್ನುಹತ್ತಿ ನೋಡಿದಾಗ, ಮೊದಲ ವರ್ಷ ಹೊಗೆ ಸೇವನೆ ತಗ್ಗಿದ್ದೂ ಆಮೇಲೆ ಆ ಲಾಭ ಉಳಿಯದಿದ್ದುದೂ ಕಂಡಿತು. ಕಾರಣ ಸರಳ: ಜನರು ಒಲೆಯನ್ನು ನಿಯಮಿತವಾಗಿ ಬಳಸಲಿಲ್ಲ, ಕೆಟ್ಟಾಗ ರಿಪೇರಿಯಾಗಲಿಲ್ಲ.

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ, ಸಣ್ಣ ಫ್ಯಾನ್ ಇರುವ ಅನಿಲೀಕರಣ ಒಲೆಯೂ ದೇಶದಲ್ಲಿ ಸುಮಾರು 4 ಲಕ್ಷ ಮನೆ ಸೇರಿತು. ಒಲೆ ಉತ್ತಮವಾಗಿತ್ತು. ಆದರೆ ಅದು ಉರಿಯಲು ಬೇಕಾದ ಗುಳಿಗೆ ಇಂಧನದ ಬೆಲೆ ಏರಿದಾಗ ಬಳಕೆ ಕುಸಿಯಿತು. ಒಲೆಯೊಂದು ಹೊರಗಿನ ಅಂಗಡಿಯನ್ನೇ ನಂಬಿ ಬದುಕಬೇಕಾದರೆ ಹಳ್ಳಿಯಲ್ಲಿ ಅದರ ಆಯುಷ್ಯ ಕಡಿಮೆ. ತೆಂಗಿನ ಚಿಪ್ಪು, ಜೋಳದ ದಿಂಡು, ಹತ್ತಿ ಕಡ್ಡಿ, ತೋಟದ ರೆಂಬೆ ಹೀಗೆ ಊರಿನಲ್ಲೇ ಸಿಗುವುದನ್ನು ಉರಿಸುವ ಒಲೆಯೇ ನಮಗೆ ಹಿತ.

ಆದ್ದರಿಂದ ತಮ್ಮ ಪಂಚಾಯಿತಿ ಒಲೆ ಕೊಳ್ಳುವ ಯೋಚನೆ ಮಾಡಿದರೆ ಈ ಕೆಲವು ಕ್ರಮಗಳನ್ನು ಅನುಸರಿಸಬೇಕೆಂದು ವಿನಂತಿಸುತ್ತೇನೆ.

ಮೊದಲನೆಯದಾಗಿ, ಭಾರತೀಯ ಮಾನಕ ಬ್ಯೂರೋದ ಐ.ಎಸ್. 13152 ಎಂಬ ಮಾನದಂಡವನ್ನು ಕೇಳಿ. 2013ರ ಆ ಮಾನದಂಡದಂತೆ ಫ್ಯಾನ್ ಇಲ್ಲದ ಒಲೆಯ ದಕ್ಷತೆ ಶೇಕಡ 25ಕ್ಕೆ, ಫ್ಯಾನ್ ಇರುವ ಒಲೆಯದು ಶೇಕಡ 35ಕ್ಕೆ ಕಡಿಮೆಯಿರಬಾರದು. ಹೊಗೆಯ ಕಣಗಳಿಗೂ ಇಂಗಾಲದ ಮಾನಾಕ್ಸೈಡಿಗೂ ಮಿತಿಗಳಿವೆ. ಪರೀಕ್ಷಾ ವರದಿಯಿಲ್ಲದ ಒಲೆಗೆ ಪಂಚಾಯಿತಿಯ ಹಣ ಬೇಡ.

ಎರಡನೆಯದಾಗಿ, ಕಾಗದವನ್ನು ಮಾತ್ರ ನಂಬದೆ ಗ್ರಾಮಸಭೆಯಲ್ಲೇ ಪರೀಕ್ಷಿಸಿ. ಹಳೆಯ ಒಲೆ ಒಂದು ಕಡೆ, ಹೊಸ ಒಲೆ ಇನ್ನೊಂದು ಕಡೆ. ಎರಡಕ್ಕೂ ಒಂದೇ ಬಗೆಯ ಪಾತ್ರೆ, 5 ಲೀಟರ್ ನೀರು, ತೂಕ ಮಾಡಿದ ಒಣ ಸೌದೆ. ನೀರು ಕುದಿದ ಮೇಲೆ ಉಳಿದ ಸೌದೆಯನ್ನು ತೂಗಿ. ನ್ಯಾಯಬೆಲೆ ಅಂಗಡಿಯ ತಕ್ಕಡಿ ಸಾಕು. ಆಮೇಲೆ ಊರಿನ ತಾಯಂದಿರು ಅದರ ಮೇಲೆ ಮುದ್ದೆ ಮಾಡಲಿ. ಅವರು ಒಪ್ಪದ ಒಲೆಯನ್ನು ಯಾವ ವರದಿಯೂ ಒಪ್ಪಿಸಲಾರದು.

ಮೂರನೆಯದಾಗಿ, ಜಾಲರಿ ಮತ್ತು ಒಳಗೋಡೆಯನ್ನು ಬಿಚ್ಚಿ ಬದಲಿಸಲು ಬರುತ್ತದೆಯೇ, ಬಿಡಿಭಾಗವನ್ನು ತಾಲೂಕು ಕೇಂದ್ರದ ವೆಲ್ಡಿಂಗ್ ಅಂಗಡಿಯವರು ಮಾಡಬಲ್ಲರೇ ಎಂದು ನೋಡಿ. ಸಂಜೀವಿನಿ ಒಕ್ಕೂಟದ ಸದಸ್ಯೆಯರಿಗೆ ಆ ರಿಪೇರಿಯ ತರಬೇತಿ ಕೊಡಿಸಿದರೆ ಅವರಿಗೆ ಕೆಲಸವೂ ಆಯಿತು, ಒಲೆಗೆ ಆಯುಷ್ಯವೂ ಬಂತು.

ನಾಲ್ಕನೆಯದಾಗಿ, ಸೌದೆಯನ್ನು ಒಣಗಿಸುವ ಏರ್ಪಾಟನ್ನೂ ಒಲೆಯೊಡನೆಯೇ ಯೋಚಿಸಿ. ಒಂದು ಕಿಲೋ ಹಸಿ ಸೌದೆಯಲ್ಲಿ 400 ಗ್ರಾಂ ನೀರಿದ್ದರೆ, ಆ ನೀರನ್ನು ಆವಿ ಮಾಡಿ ಹೊರದೂಡಲು ಸುಮಾರು 1,000 ಕಿಲೋಜೂಲ್ ವ್ಯರ್ಥ. ಕಾದ ಗಾಳಿಯಿಂದ ನಾವು ಗಳಿಸಿದ ಒಂದಾಣೆ ಅಲ್ಲಿಗೇ ಹೋಯಿತು. ಮಳೆಗಾಲಕ್ಕೆ ಮುನ್ನ ಸಣ್ಣದಾಗಿ ಸೀಳಿ, ಸೂರಿನಡಿ ಒಟ್ಟಿದ ಸೌದೆಗಿಂತ ಅಗ್ಗದ ಸುಧಾರಣೆ ಬೇರೊಂದಿಲ್ಲ.

ಐದನೆಯದಾಗಿ, ಹಂಚಿದ ಮೂರು ತಿಂಗಳಿಗೆ ಮತ್ತೊಮ್ಮೆ ಮನೆಗಳಿಗೆ ಹೋಗಿ ನೋಡುವುದನ್ನು ನಿರ್ಣಯದಲ್ಲೇ ಬರೆಯಿರಿ. ಗುತ್ತಿಗೆಯ ಹಣದ ಒಂದು ಭಾಗವನ್ನು ಆ ಭೇಟಿಯ ನಂತರ ಪಾವತಿಸುವಂತೆ ಷರತ್ತು ಹಾಕಲು ಸಾಧ್ಯವೇ ಎಂದು ತಮ್ಮ ಅಭಿವೃದ್ಧಿ ಅಧಿಕಾರಿಗಳೊಡನೆ ಚರ್ಚಿಸಿ. ಆಗ ಒಲೆ ಉರಿಯುತ್ತಿರಬೇಕೆಂಬ ಕಾಳಜಿ ಮಾರಿದವರಿಗೂ ಇರುತ್ತದೆ.

ಒಲೆಯ ಮಿತಿ

ಕೊನೆಯದಾಗಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಎಷ್ಟೇ ಚೆನ್ನಾಗಿ ಮಾಡಿದರೂ ಸೌದೆ ಒಲೆ ಗ್ಯಾಸಿನಷ್ಟು ಶುದ್ಧವಾಗಿ ಉರಿಯುವುದಿಲ್ಲ. 2016ರ ಮೇ 1ರಂದು ಆರಂಭವಾದ ಉಜ್ವಲಾ ಯೋಜನೆಯಿಂದ ಅನೇಕ ಬಡಮನೆಗಳಿಗೆ ಸಂಪರ್ಕ ಸಿಕ್ಕಿದೆ. ಸಿಲಿಂಡರ್ ತುಂಬಿಸಿಕೊಳ್ಳಲು ಶಕ್ತಿಯಿರುವ ಮನೆಯಲ್ಲಿ ಅಡುಗೆಗೆ ಗ್ಯಾಸೇ ಇರಲಿ. ಅದನ್ನು ಬಿಡಿಸಿ ಸೌದೆಗೆ ಮರಳಿಸುವುದು ಈ ಒಲೆಯ ಉದ್ದೇಶವಲ್ಲ. ಸ್ನಾನದ ನೀರಿಗೆ, ಹೊಲದ ಮನೆಗೆ, ವಲಸೆ ಕಾರ್ಮಿಕರ ಬಿಡಾರಕ್ಕೆ, ತಿಂಗಳ ಕೊನೆಯಲ್ಲಿ ಸಿಲಿಂಡರ್ ಖಾಲಿಯಾಗಿ ಕೈಯಲ್ಲಿ ಹಣವಿಲ್ಲದ ಮನೆಗೆ ಇದು ಆಸರೆ. ಹಾಗೆಯೇ ಹೊಗೆ ಕಾಣುವುದಿಲ್ಲವೆಂದು ಮುಚ್ಚಿದ ಕೋಣೆಯೊಳಗೆ ಇದನ್ನು ಉರಿಸಲೇಬಾರದು. ಕೆಂಡದಿಂದ ಹೊರಡುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಚಳಿಯೆಂದು ಬಾಗಿಲು ಹಾಕಿ ಕೆಂಡದ ಬಳಿ ಮಲಗಿದವರು ಏಳದೆ ಹೋಗಬಹುದು. ಒಲೆ ಹಂಚುವ ದಿನ ಈ ಎಚ್ಚರಿಕೆಯನ್ನು ಪ್ರತಿ ಮನೆಗೂ ಬಾಯಿಮಾತಿನಲ್ಲಿ ಹೇಳಿ.

ನಾನು ಒಲೆಯ ಕೆಲಸಕ್ಕೆ ಇಳಿದದ್ದು ನನ್ನ ತಾಯಿಯ ಕೆಮ್ಮು ಕೇಳಿ. ಊದುಕೊಳವೆ ಹಿಡಿದು, ಸೆರಗಿನಿಂದ ಕಣ್ಣೊರೆಸುತ್ತಾ ಅವರು ನಮ್ಮೆಲ್ಲರ ಹೊಟ್ಟೆ ತುಂಬಿಸಿದರು. ನನ್ನ ಒಲೆ ಸರಿಯಾಗಿ ಉರಿಯುವ ಹೊತ್ತಿಗೆ ಅದರ ಮುಂದೆ ಕೂರಲು ಅವರಿರಲಿಲ್ಲ. ಆದರೆ ತಮ್ಮ ಪಂಚಾಯಿತಿಯ ವ್ಯಾಪ್ತಿಯಲ್ಲಿ ಇಂದು ಸಂಜೆಯೂ ಊದುಕೊಳವೆ ಹಿಡಿಯುವ ತಾಯಂದಿರಿದ್ದಾರೆ. ಊರಿಗೆ ಮರಳಿದ ಮೇಲೆ ಎಷ್ಟು ಮನೆಗಳಲ್ಲಿ ಇನ್ನೂ ಸೌದೆ ಉರಿಯುತ್ತಿದೆ, ಯಾವ ಕೆಲಸಕ್ಕೆ ಉರಿಯುತ್ತಿದೆ, ಯಾರು ಉರಿಸುತ್ತಿದ್ದಾರೆ ಎಂಬ ಮೂರು ಪ್ರಶ್ನೆಗಳನ್ನು ವಾರ್ಡುವಾರು ಕೇಳಿ, ಉತ್ತರವನ್ನು ಮುಂದಿನ ಗ್ರಾಮಸಭೆಯ ಮುಂದಿಡಿ. ಒಲೆ ಯಾವುದೆಂಬ ತೀರ್ಮಾನ ಆಮೇಲೆ ಬರಲಿ.